ನಲವತ್ತು ದಾಟಿದ ಮೇಲೆ ಸಿಸಿಎನ್‌ಎ: ತುಮಕೂರಿನಿಂದ ಒಂದು ವಿಮರ್ಶೆ

"ಅಕ್ಕ, ಆ ಪರೀಕ್ಷೆಗೆ ಅಷ್ಟು ದುಡ್ಡು ಹಾಕಬಹುದಾ?" ಈ ಪ್ರಶ್ನೆ ಈಗ ನನಗೆ ಆಗಾಗ ಬರುತ್ತದೆ. ಆ ಪರೀಕ್ಷೆ ಅಂದರೆ ಸಿಸಿಎನ್‌ಎ, ಕಂಪ್ಯೂಟರ್ ನೆಟ್‌ವರ್ಕ್ ಕೆಲಸ ಬರುತ್ತದೆ ಅಂತ ಸಿಸ್ಕೋ ಕಂಪನಿ ಕೊಡುವ ಪ್ರಮಾಣಪತ್ರದ ಪರೀಕ್ಷೆ. ಕೇಳುವವರು ಕಾಲೇಜು ಹುಡುಗರಲ್ಲ. ಅಂಗಡಿ ಲೆಕ್ಕ ಬರೆಯುವವರು, ಖಾಸಗಿ ಶಾಲೆಯ ಟೀಚರ್‌ಗಳು, ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿ ಸುಸ್ತಾದವರು. ಎಲ್ಲರೂ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹಾಕಬಹುದು ಅನ್ನುವುದು ನನ್ನ ಉತ್ತರ. ಆದರೆ ದಿನಾ ಕೂತು ಕೈಯಾರೆ ಕಮ್ಯಾಂಡ್ ಟೈಪ್ ಮಾಡುತ್ತೀರಾದರೆ ಮಾತ್ರ. ಪ್ರಮಾಣಪತ್ರ ತಂದು ತೋರಿಸಿದರೆ ಕೆಲಸ ಕೊಡುತ್ತಾರೆ ಅಂತ ಯಾರಾದರೂ ಹೇಳಿದ್ದರೆ, ಆ ದುಡ್ಡನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ.

ನನಗೆ ಈಗ ನಲವತ್ನಾಲ್ಕು. ಓದಿದ್ದು ಬಿ.ಕಾಂ. ಹತ್ತನೇ ತರಗತಿವರೆಗೆ ಗುಬ್ಬಿ ತಾಲ್ಲೂಕಿನ ನಮ್ಮೂರಿನ ಕಡೆ ಕನ್ನಡ ಮಾಧ್ಯಮ. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಬಹಳ ವರ್ಷ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸ ಮಾಡಿದೆ. ನೆಟ್‌ವರ್ಕ್ ಅನ್ನುವ ವಸ್ತುವಿನ ಮೇಲೆ ನನ್ನ ಕಣ್ಣು ಬಿದ್ದದ್ದು ಅಲ್ಲೇ. ಲೈನ್ ಹೋದರೆ ಬಿಲ್ ಇಲ್ಲ, ಫಾರ್ಮಸಿ ಸ್ಟಾಕ್ ಕಾಣುವುದಿಲ್ಲ, ಲ್ಯಾಬ್ ರಿಪೋರ್ಟ್ ವಾರ್ಡಿಗೆ ಬರುವುದಿಲ್ಲ. ಡಿಸ್ಚಾರ್ಜ್ ಆದ ರೋಗಿ ಗಾಲಿಕುರ್ಚಿಯಲ್ಲಿ ಕಾಯುತ್ತಿರುತ್ತಾರೆ, ಮನೆಯವರು ಕೌಂಟರ್ ಎದುರು ನಿಂತಿರುತ್ತಾರೆ. ಸರಿ ಮಾಡುವವರು 70 ಕಿಲೋಮೀಟರ್ ದೂರದ ಬೆಂಗಳೂರಿನಿಂದ ಬರಬೇಕು. ಒಂದು ಸಲ ಇಡೀ ಕಟ್ಟಡದ ನೆಟ್‌ವರ್ಕ್ ಮಧ್ಯಾಹ್ನದವರೆಗೆ ನಿಂತಿತ್ತು. ಬಂದ ಹುಡುಗ ಎಲ್ಲ ನೋಡಿ, ಒಂದೇ ಒಂದು ಕೇಬಲ್ ಕಿತ್ತ. ಎಲ್ಲ ಸರಿಹೋಯಿತು. ಯಾರೋ ಗುಡಿಸುವಾಗ ಬಿದ್ದಿದ್ದ ತಂತಿಯ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ (ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಡಬ್ಬಿಗೆ) ಚುಚ್ಚಿದ್ದರಂತೆ. ಅಷ್ಟರಿಂದ ಅಷ್ಟೊಂದು ಹೇಗೆ ಕೆಡುತ್ತದೆ ಅನ್ನುವ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಅದಕ್ಕೆ ಲೂಪ್ ಅನ್ನುತ್ತಾರೆ, ಅದನ್ನು ತಡೆಯಲು ಸ್ಪ್ಯಾನಿಂಗ್ ಟ್ರೀ ಅನ್ನುವ ವ್ಯವಸ್ಥೆ ಇದೆ, ಆ ಅಗ್ಗದ ಸ್ವಿಚ್ಚಿನಲ್ಲಿ ಅದು ಇರಲಿಲ್ಲ ಅನ್ನುವುದೆಲ್ಲ ಗೊತ್ತಾದದ್ದು ಸಿಸಿಎನ್‌ಎ ಓದಿದ ಮೇಲೆ. ಆ ಪಾಠ ಓದಿದ ದಿನ ನನಗಾದ ಖುಷಿ ಹೇಳಲು ಆಗುವುದಿಲ್ಲ.

ಈಗ ಪರೀಕ್ಷೆಯ ವಿಷಯ. ಪೂರ್ತಿ ಹೆಸರು ಸಿಸ್ಕೋ ಸರ್ಟಿಫೈಡ್ ನೆಟ್‌ವರ್ಕ್ ಅಸೋಸಿಯೇಟ್. ಪರೀಕ್ಷೆಯ ನಂಬರ್ 200-301. 2020ರ ಫೆಬ್ರವರಿಯಲ್ಲಿ ಈ ಪರೀಕ್ಷೆ ಶುರುವಾಯಿತು. ಅದಕ್ಕೂ ಮೊದಲು ಸೆಕ್ಯುರಿಟಿ, ವೈರ್‌ಲೆಸ್ ಅಂತ ಬೇರೆ ಬೇರೆ ಸಿಸಿಎನ್‌ಎಗಳಿದ್ದವು. ಹಳೆಯ ಪುಸ್ತಕ ಯಾರಾದರೂ ಪುಕ್ಕಟೆ ಕೊಟ್ಟರೆ ಇದನ್ನು ಮೊದಲು ನೋಡಿಕೊಳ್ಳಿ. 2024ರ ಆಗಸ್ಟ್‌ನಲ್ಲಿ ಪಠ್ಯ 1.1 ಆಯಿತು, ಎಐ ಮತ್ತು ಕ್ಲೌಡ್‌ನ ಒಂದಿಷ್ಟು ವಿಷಯ ಸೇರಿತು. ಸಮಯ 120 ನಿಮಿಷ. ಶುಲ್ಕ 300 ಡಾಲರ್, ಮೇಲೆ ತೆರಿಗೆ. ನಮ್ಮ ದುಡ್ಡಿನಲ್ಲಿ 30,000 ರೂಪಾಯಿಯ ಆಸುಪಾಸು ಅಂತ ಇಟ್ಟುಕೊಳ್ಳಿ. ಇಂಥದ್ದೇ ಡಿಗ್ರಿ ಬೇಕು, ವಯಸ್ಸು ಇಷ್ಟು ದಾಟಿರಬಾರದು ಅನ್ನುವ ಷರತ್ತು ಒಂದೂ ಇಲ್ಲ. ನನ್ನಂಥವರಿಗೆ ಇದು ದೊಡ್ಡ ವಿಷಯ. ಬಿ.ಇ. ಮಾಡಿಲ್ಲ ಅಂತ ಬಾಗಿಲಲ್ಲೇ ಯಾರೂ ತಡೆಯುವುದಿಲ್ಲ.

ಕೋಡಿಂಗ್ ಯಾಕೆ ಕಲಿಯಲಿಲ್ಲ ಅಂತ ನನ್ನ ಮಗನೂ ಕೇಳಿದ. ಕೋಡಿಂಗ್ ಕೆಲಸ ಅಂದರೆ ನಮ್ಮಲ್ಲಿಂದ ಬೆಂಗಳೂರಿಗೇ ಹೋಗಬೇಕು, ಅಲ್ಲಿ ಇಪ್ಪತ್ತೆರಡರ ಹುಡುಗರ ಜೊತೆ ಸಾಲಿನಲ್ಲಿ ನಿಲ್ಲಬೇಕು. ನೆಟ್‌ವರ್ಕ್ ಹಾಗಲ್ಲ. ತಂತಿ ಎಲ್ಲಿದೆಯೋ ಅಲ್ಲಿ ಮನುಷ್ಯ ಬೇಕು. ತುಮಕೂರಿನಲ್ಲಿ ಆಸ್ಪತ್ರೆಗಳಿವೆ, ಇಂಜಿನಿಯರಿಂಗ್ ಕಾಲೇಜುಗಳಿವೆ, ಯೂನಿವರ್ಸಿಟಿ ಇದೆ. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದಲ್ಲಿ ಕೈಗಾರಿಕೆಗಳಿವೆ. ಪ್ರತಿಯೊಂದು ಕಡೆಯೂ ಒಂದು ರ‍್ಯಾಕ್, ಅದರಲ್ಲಿ ಮಿಣುಕುವ ಸ್ವಿಚ್ಚುಗಳು. ಈ ಲೆಕ್ಕ ಹಾಕಿಯೇ ನಾನು ಹೊರಟೆ.

ಕಾಂಪ್‌ಟಿಯಾ ಎ ಪ್ಲಸ್ ಅನ್ನುವ ಇನ್ನೊಂದು ಪ್ರಮಾಣಪತ್ರ ಇದೆ. ಕಂಪ್ಯೂಟರ್ ಬಿಚ್ಚುವುದು, ಜೋಡಿಸುವುದು, ವಿಂಡೋಸ್ ರಿಪೇರಿ, ಎಲ್ಲ ಅದರಲ್ಲಿ ಬರುತ್ತದೆ. ಒಳ್ಳೆಯ ಪಠ್ಯ. ಆದರೆ ಅದಕ್ಕೆ ಎರಡು ಪರೀಕ್ಷೆ, ಎರಡಕ್ಕೂ ಬೇರೆ ಬೇರೆ ದುಡ್ಡು. ನಾನು ನೋಡಿದ ನಮ್ಮ ಕಡೆಯ ಕೆಲಸದ ಜಾಹೀರಾತುಗಳಲ್ಲಿ ಸಿಸಿಎನ್‌ಎ ಹೆಸರೇ ಕಾಣುತ್ತಿತ್ತು. ಹಾಗಾಗಿ ಎ ಪ್ಲಸ್ ಪಾಠವನ್ನು ಪ್ರೊಫೆಸರ್ ಮೆಸ್ಸರ್ ಅವರ ಯೂಟ್ಯೂಬ್ ವಿಡಿಯೋಗಳಲ್ಲಿ ಪುಕ್ಕಟೆ ನೋಡಿದೆ, ಪರೀಕ್ಷೆ ಬರೆಯಲಿಲ್ಲ. ಕಂಪ್ಯೂಟರ್ ಒಳಗೆ ಏನಿದೆ ಅಂತಲೇ ಗೊತ್ತಿಲ್ಲದವರು ಹೀಗೆ ಮಾಡುವುದು ಒಳ್ಳೆಯದು.

ತರಬೇತಿ ಸಂಸ್ಥೆಗಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಓದಲು ಶುರು ಮಾಡುವ ಮೊದಲು ಕೆಲವು ಕಡೆ ವಿಚಾರಿಸಿದೆ, ನಮ್ಮೂರಲ್ಲೂ, ಬೆಂಗಳೂರಲ್ಲೂ. ಒಂದು ಕಡೆ ಹುಡುಗಿ ಬಹಳ ಮರ್ಯಾದೆಯಿಂದ ಕೂರಿಸಿ, "ಮೇಡಂ, ನಿಮ್ಮ ವಯಸ್ಸಿಗೆ ಓದೋದು ಕಷ್ಟ ಆಗುತ್ತೆ. ನಮ್ಮ ಹತ್ರ ಡಂಪ್ ಇದೆ, ಅದನ್ನ ಉರು ಹೊಡೆದ್ರೆ ಸಾಕು" ಅಂದಳು. ಡಂಪ್ ಅಂದರೆ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆಗಳು. ನಾನು ಎದ್ದು ಬಂದೆ. ಅದು ಸಿಸ್ಕೋ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಪ್ರಮಾಣಪತ್ರ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಗೆ ಪಾಸಾದವರು ಕೆಲಸದ ಮೊದಲ ವಾರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಲೈನ್ ಹೋದಾಗ ಕಾಯುವ ಜನರನ್ನು ನಾನು ಕಣ್ಣಾರೆ ನೋಡಿದ್ದೇನೆ. ಉರು ಹೊಡೆದವರ ಕೈಗೆ ಆ ರ‍್ಯಾಕ್ ಕೊಡಬಾರದು.

ನೀವು ಸಂಸ್ಥೆಗೆ ಸೇರುವುದಾದರೆ, ದುಡ್ಡು ಕಟ್ಟುವ ಮೊದಲು ಲ್ಯಾಬ್ ನೋಡಬೇಕು ಅಂತ ಕೇಳಿ. ನಿಜವಾದ ರೂಟರ್ (ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವ ಯಂತ್ರ), ಸ್ವಿಚ್ ಇದೆಯಾ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಮುಟ್ಟಲು ಬಿಡುತ್ತಾರೆ, ಪಾಠ ಮಾಡುವವರು ಎಲ್ಲಾದರೂ ಕೆಲಸ ಮಾಡಿದ್ದಾರಾ. ಪರೀಕ್ಷಾ ಶುಲ್ಕ ಅವರು ಹೇಳುವ ಮೊತ್ತದಲ್ಲಿ ಸೇರಿದೆಯಾ ಇಲ್ಲವಾ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದರೆ, ಕಳೆದ ಬ್ಯಾಚಿನಲ್ಲಿ ನಲವತ್ತು ದಾಟಿದವರು ಯಾರಿಗೆ ಕೆಲಸ ಸಿಕ್ಕಿತು, ಅವರ ಜೊತೆ ಮಾತಾಡಿಸಿ ಅಂತ ಕೇಳಿ. ಅಲ್ಲೇ ಗೊತ್ತಾಗಿಬಿಡುತ್ತದೆ.

ನಾನು ಕೊನೆಗೆ ಮನೆಯಲ್ಲೇ ಓದಿದೆ. ಯೂಟ್ಯೂಬಿನಲ್ಲಿ ಜೆರೆಮಿಸ್ ಐಟಿ ಲ್ಯಾಬ್ ಅನ್ನುವ ಚಾನೆಲ್ ಇದೆ. ಡೇ 1, ಡೇ 2 ಅಂತ ಇಡೀ ಸಿಸಿಎನ್‌ಎ ಪಾಠ ಪುಕ್ಕಟೆ. ಪ್ರತಿ ಪಾಠದ ಜೊತೆ ಲ್ಯಾಬ್ ಫೈಲ್, ಮರೆಯದಂತೆ ನೆನಪಿಸಿಕೊಳ್ಳಲು ಆಂಕಿ ಕಾರ್ಡುಗಳು. ಇಷ್ಟು ಅಚ್ಚುಕಟ್ಟಾದ ಪಾಠವನ್ನು ದುಡ್ಡಿಲ್ಲದೆ ಕೊಟ್ಟಿದ್ದಾರಲ್ಲ, ನನಗೆ ಅವರ ಮೇಲೆ ನಿಜವಾದ ಗೌರವವಿದೆ. ಇಂಗ್ಲಿಷ್ ಮಾತು ನಿಧಾನ, ಸ್ಪಷ್ಟ. ಆದರೂ ಶುರುವಿನಲ್ಲಿ ವೇಗ ಕಡಿಮೆ ಮಾಡಿಕೊಂಡು, ಕೆಳಗೆ ಅಕ್ಷರ ಹಾಕಿಕೊಂಡು ನೋಡುತ್ತಿದ್ದೆ. ನೋಟ್ಸ್ ಮಾತ್ರ ಪೂರ್ತಿ ಕನ್ನಡದಲ್ಲಿ ಬರೆದೆ. ರೂಟರ್ ಒಂದು ಪ್ಯಾಕೆಟ್ (ಮಾಹಿತಿಯ ಒಂದು ತುಂಡು) ಬಂದಾಗ ಮೊದಲು ಏನು ನೋಡುತ್ತದೆ, ಆಮೇಲೆ ಏನು ಮಾಡುತ್ತದೆ ಅಂತ ನನ್ನ ಮಾತಿನಲ್ಲಿ ಬರೆಯಲು ಬಂದರೆ ಅರ್ಥವಾಗಿದೆ ಅಂತ ಲೆಕ್ಕ. ಬರೆಯಲು ಬಾರದಿದ್ದರೆ ಪಾಠ ಮತ್ತೆ ನೋಡುವುದು.

ಇಂಗ್ಲಿಷ್ ಬಗ್ಗೆ ಭಯ ಇರುವವರಿಗೆ ಒಂದು ಮಾತು. ಪರೀಕ್ಷೆ ಕನ್ನಡದಲ್ಲಿ ಇಲ್ಲ. ಇಂಗ್ಲಿಷ್‌ನಲ್ಲೇ ಬರೆಯಬೇಕು. ಆದರೆ ಇದು ಪ್ರಬಂಧ ಬರೆಯುವ ಇಂಗ್ಲಿಷ್ ಅಲ್ಲ. ಒಂದು ಚಿತ್ರ, ಒಂದಷ್ಟು ಕಮ್ಯಾಂಡಿನ ಫಲಿತಾಂಶ, ಕೆಳಗೆ ಪ್ರಶ್ನೆ. ಒಂದಿಷ್ಟು ಪದಗಳೇ ಮತ್ತೆ ಮತ್ತೆ ಬರುತ್ತವೆ. ಬೆಳಿಗ್ಗೆ ಮನೆಯವರು ಏಳುವ ಮೊದಲು ಸಿಸ್ಕೋದ ವಿವರಣೆಗಳನ್ನು ಜೋರಾಗಿ ಓದಿಕೊಳ್ಳುತ್ತಿದ್ದೆ. ಕೆಲವು ತಿಂಗಳಲ್ಲಿ ಆ ಭಯ ತಾನಾಗಿಯೇ ಹೋಯಿತು.

ಓದಲು ಬಳಸಿದ್ದರಲ್ಲಿ ನಾನು ಅತಿ ಹೆಚ್ಚು ಅಂಕ ಕೊಡುವುದು ಪ್ಯಾಕೆಟ್ ಟ್ರೇಸರ್‌ಗೆ. ಇದು ಸಿಸ್ಕೋದವರೇ ಕೊಡುವ ಸಾಫ್ಟ್‌ವೇರ್. ಅವರ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಪುಕ್ಕಟೆ ಖಾತೆ ಮಾಡಿಕೊಂಡು ಇಳಿಸಿಕೊಳ್ಳಬಹುದು. ಪರದೆಯ ಮೇಲೆ ರೂಟರ್, ಸ್ವಿಚ್, ಕಂಪ್ಯೂಟರ್ ಎಳೆದು ಇಟ್ಟು, ತಂತಿ ಜೋಡಿಸಿ, ಕಮ್ಯಾಂಡ್ ಕೊಟ್ಟು, ಪ್ಯಾಕೆಟ್ ಒಂದೊಂದೇ ಹೆಜ್ಜೆ ಹೋಗುವುದನ್ನು ನೋಡಬಹುದು. ನಾನು ಮಾಡಿದ ಮೊದಲ ದೊಡ್ಡ ಲ್ಯಾಬ್ ನಮ್ಮ ಆಸ್ಪತ್ರೆಯದ್ದೇ. ಬಿಲ್ಲಿಂಗ್ ಒಂದು ವಿಲ್ಯಾನ್ (ಅದೇ ಸ್ವಿಚ್ಚುಗಳಲ್ಲೇ ಬೇರೆ ಮಾಡಿಟ್ಟ ನೆಟ್‌ವರ್ಕ್), ಫಾರ್ಮಸಿ ಒಂದು, ಲ್ಯಾಬ್ ಒಂದು, ರೋಗಿಗಳ ಕಡೆಯವರಿಗೆ ಕೊಡುವ ವೈಫೈ ಇನ್ನೊಂದು. ವೈಫೈಗೆ ಬಂದವರು ಬಿಲ್ಲಿಂಗ್ ಕಂಪ್ಯೂಟರ್ ಮುಟ್ಟಬಾರದು, ಇಂಟರ್ನೆಟ್‌ಗೆ ಮಾತ್ರ ಹೋಗಬೇಕು. ಅದಕ್ಕೆ ಆ್ಯಕ್ಸೆಸ್ ಲಿಸ್ಟ್ ಬರೆಯುವುದು. ಪುಸ್ತಕದ ಉದಾಹರಣೆಯಲ್ಲಿ ಬರುವ ಆರ್1, ಆರ್2 ಅನ್ನುವ ಹೆಸರಿನ ರೂಟರುಗಳು ತಲೆಗೆ ಹತ್ತುವುದಿಲ್ಲ. ನಿಮಗೆ ಗೊತ್ತಿರುವ ಕಟ್ಟಡವನ್ನೇ ಕಟ್ಟಿ. ಶಾಲೆ ಟೀಚರ್ ಆಗಿದ್ದರೆ ಶಾಲೆ, ಫ್ಯಾಕ್ಟರಿಯವರಾದರೆ ಫ್ಯಾಕ್ಟರಿ. ಈ ವಯಸ್ಸಿನಲ್ಲಿ ನಮಗೆ ಹುಡುಗರಿಗಿಂತ ಜಾಸ್ತಿ ಇರುವುದು ಇದೇ. ಒಂದು ಸಂಸ್ಥೆ ಹೇಗೆ ನಡೆಯುತ್ತದೆ, ಯಾರಿಗೆ ಏನು ಬೇಕು ಅನ್ನುವುದು ನಮಗೆ ಮೊದಲೇ ಗೊತ್ತು.

ಎಲ್ಲರೂ ಹೆದರುವುದು ಸಬ್‌ನೆಟ್ಟಿಂಗ್‌ಗೆ. ದೊಡ್ಡ ನೆಟ್‌ವರ್ಕನ್ನು ಸಣ್ಣ ಸಣ್ಣ ಭಾಗ ಮಾಡುವ ಲೆಕ್ಕ ಅದು. ಹೆದರಬೇಡಿ, ಕೂಡುವುದು ಕಳೆಯುವುದು ಬಂದರೆ ಸಾಕು. 192.168.10.77 ಅನ್ನುವ ವಿಳಾಸ, ಭಾಗ ಎಷ್ಟು ದೊಡ್ಡದು ಅಂತ ಹೇಳುವ ಮಾಸ್ಕ್ 255.255.255.224 ಅಂತ ಇಟ್ಟುಕೊಳ್ಳಿ. 256ರಲ್ಲಿ 224 ಕಳೆದರೆ 32. ಅಂದರೆ ನೆಟ್‌ವರ್ಕ್‌ಗಳು 0, 32, 64, 96 ಹೀಗೆ ಶುರುವಾಗುತ್ತವೆ. 77 ಇರುವುದು 64ರ ಗುಂಪಿನಲ್ಲಿ. ಮುಂದಿನದು 96, ಅದಕ್ಕೆ ಒಂದು ಹಿಂದಿನ 95, ಆ ಗುಂಪಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ, ಅಂದರೆ ಬ್ರಾಡ್‌ಕಾಸ್ಟ್. ಮಧ್ಯದ 65ರಿಂದ 94ರವರೆಗೆ 30 ಯಂತ್ರಗಳಿಗೆ ಕೊಡಬಹುದು. ಅಷ್ಟೇ. ಬಾಯಿಯಲ್ಲೇ ಲೆಕ್ಕ ಹೇಳುವಷ್ಟು ರೂಢಿ ಆಗುವವರೆಗೆ ಬಿಡಬೇಡಿ. ಬಿಲ್ಲಿಂಗ್ ಕೌಂಟರ್‌ನಲ್ಲಿ ಚಿಲ್ಲರೆ ಎಣಿಸಿದವರಿಗೆ ಇದು ಬೇಗ ಬರುತ್ತದೆ.

ಅಂಕಗಳು ಹೇಗೆ ಹಂಚಿವೆ ಅನ್ನುವುದನ್ನು ಸಿಸ್ಕೋದವರೇ ಪ್ರಕಟಿಸುತ್ತಾರೆ. ರೂಟಿಂಗ್ ಇರುವ ಐಪಿ ಕನೆಕ್ಟಿವಿಟಿಗೆ ಶೇ. 25, ಮೂಲ ಪಾಠಕ್ಕೆ 20, ಸ್ವಿಚ್ಚಿನ ಭಾಗಕ್ಕೆ 20, ಸೆಕ್ಯುರಿಟಿಗೆ 15, ಐಪಿ ಸರ್ವಿಸಸ್ ಮತ್ತು ಆಟೊಮೇಷನ್‌ಗೆ ಹತ್ತು ಹತ್ತು. ಆಟೊಮೇಷನ್ ಭಾಗ ನನಗೆ ಒಣ ಒಣ ಅನಿಸಿತು. ಉಳಿದದ್ದು ಕೈಗೆ ಹತ್ತಿದ ಹಾಗೆ ಅದು ಹತ್ತಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ನನ್ನ ಮೈದುನ ಹಳೆಯ ಸಿಸ್ಕೋ 2960 ಸ್ವಿಚ್ ಒಂದನ್ನು ತಂದುಕೊಟ್ಟ. ಇದು ಕಡ್ಡಾಯ ಅಲ್ಲ. ಪ್ಯಾಕೆಟ್ ಟ್ರೇಸರ್‌ನಲ್ಲೇ ಪಾಸಾಗಬಹುದು. ಆದರೆ ಸ್ವಿಚ್ಚಿಗೆ ನೇರವಾಗಿ ಕಮ್ಯಾಂಡ್ ಕೊಡಲು ಬೇಕಾದ ಕನ್ಸೋಲ್ ಕೇಬಲ್ ಹಾಕಿ, ಪುಟ್ಟಿ ಅನ್ನುವ ಸಾಫ್ಟ್‌ವೇರ್ ತೆರೆದು, 9600 ವೇಗ ಕೊಟ್ಟು, ನಿಜವಾದ ಯಂತ್ರ ಪರದೆಯ ಮೇಲೆ ಮಾತಾಡಿದಾಗ ಬರುವ ಧೈರ್ಯವೇ ಬೇರೆ. ಕ್ರಿಂಪಿಂಗ್, ಅಂದರೆ ತಂತಿಯ ಒಳಗಿನ ಎಳೆಗಳನ್ನು ಬಣ್ಣದ ಕ್ರಮದಲ್ಲಿ ಪ್ಲಗ್ಗಿಗೆ ಕೂರಿಸುವುದು, ಕೂಡ ಮನೆಯಲ್ಲೇ ಕಲಿತೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಪರೀಕ್ಷೆ ಬುಕ್ ಮಾಡುವಾಗ ಹೆಸರಿನ ಬಗ್ಗೆ ಬಹಳ ಎಚ್ಚರ ಇರಲಿ. ಪರೀಕ್ಷೆ ನಡೆಸುವುದು ಪಿಯರ್ಸನ್ ವ್ಯೂ. ಅವರ ಖಾತೆಯಲ್ಲಿರುವ ಹೆಸರು ನೀವು ತೋರಿಸುವ ಗುರುತಿನ ಚೀಟಿಯ ಹೆಸರಿಗೆ ಸರಿಯಾಗಿ ಹೊಂದಬೇಕು. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಇರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಬಿಡಿಸಿ ಬರೆದ ಇನ್ನೊಂದು ಥರ, ಹೆಂಗಸರಿಗೆ ಮದುವೆ ಆದ ಮೇಲೆ ಮತ್ತೊಂದು ಥರ. ಹೊರಡುವ ಹಿಂದಿನ ದಿನ ಇದನ್ನು ನೋಡಿದರೆ ಆಗುವುದಿಲ್ಲ. ನಾನು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಖಾತೆ ಮಾಡಿಸಿ, ಅದನ್ನೇ ತೆಗೆದುಕೊಂಡು ಹೋದೆ.

ಮನೆಯಿಂದಲೇ ಬರೆಯುವ ಅವಕಾಶವೂ ಇದೆ. ಕ್ಯಾಮೆರಾ ಮುಂದೆ, ಖಾಲಿ ಮೇಜು, ಕೋಣೆಗೆ ಯಾರೂ ಬರಬಾರದು. ನಮ್ಮ ಬೀದಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ. ಹಾಗಾಗಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೇಂದ್ರದಲ್ಲೇ ಬರೆದೆ. ಅಷ್ಟು ದುಡ್ಡು ಕಟ್ಟಿದ ಮೇಲೆ ಕರೆಂಟಿನ ಚಿಂತೆ ಬೇಡ ಅನಿಸಿತು.

ಒಳಗಿನ ಪ್ರಶ್ನೆಗಳನ್ನು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಆದರೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಒಂದು ಪ್ರಶ್ನೆ ದಾಟಿ ಮುಂದೆ ಹೋದರೆ ಹಿಂದೆ ಬರಲು ಆಗುವುದಿಲ್ಲ. ನಮಗೆ ಶಾಲೆಯಿಂದ ಇರುವ ಅಭ್ಯಾಸ, ಗೊತ್ತಿಲ್ಲದ್ದು ಬಿಟ್ಟು ಕೊನೆಗೆ ನೋಡುವುದು. ಅದು ಇಲ್ಲಿ ನಡೆಯುವುದಿಲ್ಲ. ಗಡಿಯಾರ ಇಟ್ಟುಕೊಂಡು, ಹಿಂದೆ ತಿರುಗದೆ ಅಭ್ಯಾಸ ಪರೀಕ್ಷೆ ಬರೆದು ರೂಢಿ ಮಾಡಿಕೊಳ್ಳಿ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಪೂರ್ತಿ ಶುಲ್ಕ ಮತ್ತೆ ಕಟ್ಟಬೇಕು.

ಕೆಲಸದ ಮಾತಿಗೆ ಬರೋಣ. ಬೆಂಗಳೂರಿನ ನೆಟ್‌ವರ್ಕ್ ಆಪರೇಷನ್ ಸೆಂಟರ್‌ಗಳಲ್ಲಿ ಹೊಸಬರಿಗೆ ಅವಕಾಶ ಇದೆ. ನೆಟ್‌ವರ್ಕ್ ಮೇಲೆ ಕಣ್ಣಿಟ್ಟಿರುವ ಈ ಕೇಂದ್ರಗಳು ದಿನದ 24 ಗಂಟೆ ನಡೆಯುತ್ತವೆ, ರಾತ್ರಿ ಪಾಳಿ ಬರುತ್ತದೆ. ತುಮಕೂರಿನಿಂದ ಓಡಾಡುವ ನನಗೆ ಅದು ಹೊಂದಲಿಲ್ಲ. ವಯಸ್ಸು ಕೇಳಿ ಸುಮ್ಮನಾದವರೂ ಇದ್ದರು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಕೊನೆಗೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸಂದರ್ಶನ ಆಯಿತು. ಅಲ್ಲಿ ಪ್ರಮಾಣಪತ್ರವನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. ಎರಡು ಕಂಪ್ಯೂಟರ್ ಕೊಟ್ಟು, "ಇವೆರಡೂ ಒಂದೇ ಸ್ವಿಚ್ಚಿನಲ್ಲಿವೆ, ಪಿಂಗ್ ಆಗ್ತಿಲ್ಲ, ಯಾಕೆ ನೋಡಿ" ಅಂದರು. ಪಿಂಗ್ ಅಂದರೆ ಒಂದು ಯಂತ್ರ ಇನ್ನೊಂದನ್ನು ಕೂಗಿ ಉತ್ತರ ಬರುತ್ತದಾ ಅಂತ ನೋಡುವುದು. ತಂತಿ ನೋಡಿದೆ, ಐಪಿ ವಿಳಾಸ ನೋಡಿದೆ, ಮಾಸ್ಕ್ ನೋಡಿದೆ, ವಿಲ್ಯಾನ್ ನೋಡಿದೆ. ಎಲ್ಲ ಸರಿ ಇತ್ತು. ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ಯಾವ ಯಂತ್ರದ್ದು ಅಂತ ಕಂಪ್ಯೂಟರ್ ಇಟ್ಟುಕೊಳ್ಳುವ ಪಟ್ಟಿ) ಎದುರಿನ ಯಂತ್ರದ ಮ್ಯಾಕ್ ವಿಳಾಸ, ಅಂದರೆ ಆ ಯಂತ್ರದ ಸ್ವಂತ ಗುರುತು, ಕಾಣುತ್ತಿತ್ತು. ಅಂದರೆ ದಾರಿ ಇದೆ, ಎದುರಿನವನು ಉತ್ತರ ಕೊಡುತ್ತಿಲ್ಲ. ವಿಂಡೋಸ್ ಫೈರ್‌ವಾಲ್ ಪಿಂಗ್ ತಡೆದಿತ್ತು. ಅದನ್ನು ಹೇಳಿದಾಗ ಮ್ಯಾನೇಜರ್ ಮುಖ ನೋಡಿಯೇ ನನಗೆ ಗೊತ್ತಾಯಿತು.

"ರಾತ್ರಿ ಸ್ವಿಚ್ ಕೆಟ್ಟರೆ ಬರ್ತೀರೇನಮ್ಮಾ?" ಅಂದರು.

"ಮನೆಯಿಂದಲೇ ನೋಡೋಕೆ ವ್ಯವಸ್ಥೆ ಮಾಡಿಕೊಡಿ ಸಾರ್. ಅದರಲ್ಲಿ ಆಗದಿದ್ರೆ ಬರ್ತೀನಿ" ಅಂದೆ.

ಶುರುವಿನ ಸಂಬಳ ನನ್ನ ಹಳೆಯ ಸಂಬಳಕ್ಕಿಂತ ಜಾಸ್ತಿ ಏನಿರಲಿಲ್ಲ. ಇದನ್ನು ಮನೆಯಲ್ಲಿ ಮೊದಲೇ ಕೂತು ಮಾತಾಡಿಕೊಂಡಿದ್ದೆವು. ನೀವೂ ಮಾತಾಡಿಕೊಳ್ಳಿ. ಮಕ್ಕಳ ಫೀಸು, ಮನೆ ಸಾಲ ಇರುವವರು ಹಳೆಯ ಕೆಲಸ ಬಿಟ್ಟು ಓದಲು ಕೂರಬೇಡಿ. ನಾನು ಕೈಯಲ್ಲಿ ಹೊಸ ಕೆಲಸದ ಪತ್ರ ಬರುವವರೆಗೆ ಕೌಂಟರ್ ಬಿಡಲಿಲ್ಲ.

ಸಿಸಿಎನ್‌ಎ ಮೇಲೆ ನನಗಿರುವ ದೊಡ್ಡ ದೂರು ಕೆಲಸಕ್ಕೆ ಸೇರಿದ ಮೇಲೆ ಹುಟ್ಟಿದ್ದು. ಸಣ್ಣ ಊರಿನ ಐಟಿ ಕೆಲಸದಲ್ಲಿ ಅರ್ಧಕ್ಕರ್ಧ ಪ್ರಿಂಟರ್, ವಿಂಡೋಸ್ ಲಾಗಿನ್, ಆ್ಯಕ್ಟಿವ್ ಡೈರೆಕ್ಟರಿ (ಕಂಪನಿಯ ಎಲ್ಲರ ಲಾಗಿನ್ ನೋಡಿಕೊಳ್ಳುವ ವ್ಯವಸ್ಥೆ), ಸಿಸಿ ಕ್ಯಾಮೆರಾ. ಇವುಗಳ ಬಗ್ಗೆ ಈ ಪಠ್ಯ ಕಲಿಸುವುದೇ ಇಲ್ಲ. ಇನ್ನೊಂದು, ನಮ್ಮ ಕಡೆಯ ರ‍್ಯಾಕ್‌ಗಳಲ್ಲಿ ಸಿಸ್ಕೋ ಡಬ್ಬಿಗಳೇ ಇರುತ್ತವೆ ಅಂತಿಲ್ಲ. ಡಿ-ಲಿಂಕ್, ಟಿಪಿ-ಲಿಂಕ್, ಮೈಕ್ರೋಟಿಕ್, ಫೋರ್ಟಿಗೇಟ್, ಎಲ್ಲ ಬೆರೆತಿರುತ್ತವೆ. ಕಮ್ಯಾಂಡ್ ಬೇರೆ, ಒಳಗಿನ ವಿಚಾರ ಒಂದೇ. ಸಿಸ್ಕೋದಲ್ಲಿ ವಿಲ್ಯಾನ್, ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಂದೇ ತಂತಿಯಲ್ಲಿ ಸಾಗಿಸುವುದು) ಸರಿಯಾಗಿ ಕಲಿತಿದ್ದಕ್ಕೆ ಉಳಿದವು ಕಷ್ಟವಾಗಲಿಲ್ಲ. ಫೋರ್ಟಿನೆಟ್‌ನವರು ತಮ್ಮ ಫೈರ್‌ವಾಲ್ ಪಾಠಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಕೊಡುತ್ತಾರೆ. ಸಿಸಿಎನ್‌ಎ ಮುಗಿದ ತಕ್ಷಣ ಅದನ್ನು ಹಿಡಿಯಿರಿ. ನಾನು ಈಗ ಅದನ್ನೇ ಓದುತ್ತಿದ್ದೇನೆ, ಜೊತೆಗೆ ವಿಂಡೋಸ್ ಸರ್ವರ್.

ಪ್ರಮಾಣಪತ್ರದ ಆಯಸ್ಸು 3 ವರ್ಷ. ಅದು ಮುಗಿಯುವ ಮೊದಲೇ ಇನ್ನೊಂದು ಪರೀಕ್ಷೆ ಪಾಸಾಗಬೇಕು, ಇಲ್ಲವೇ ಸಿಸ್ಕೋ ಒಪ್ಪುವ ಕೋರ್ಸುಗಳಿಂದ 30 ಕ್ರೆಡಿಟ್ ಸೇರಿಸಬೇಕು. ಪುಕ್ಕಟೆ ಕ್ರೆಡಿಟ್ ಸಿಗುವ ಕೋರ್ಸುಗಳನ್ನು ಆಗಾಗ ಬಿಡುತ್ತಾರೆ, ಕಣ್ಣಿಟ್ಟಿರಿ. ಕೊನೆಯ ವರ್ಷಕ್ಕೆ ಎಲ್ಲವನ್ನೂ ಬಿಡಬೇಡಿ.

ಲ್ಯಾಪ್‌ಟಾಪ್ ಬಗ್ಗೆಯೂ ಕೇಳುತ್ತಾರೆ. ಹೊಸದು ಬೇಕಾಗಿಲ್ಲ. ಪ್ಯಾಕೆಟ್ ಟ್ರೇಸರ್ 4 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ. ನಾನು ಓದಿದ್ದು ಮಗ ಬಿಟ್ಟ ಹಳೆಯ ಲ್ಯಾಪ್‌ಟಾಪ್‌ನಲ್ಲಿ. ದುಡ್ಡಿದ್ದರೆ ದೊಡ್ಡ ಮಾನಿಟರ್ ಒಂದನ್ನು ತೆಗೆದುಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಸಣ್ಣ ಪರದೆಯಲ್ಲಿ ಇಂಟರ್ಫೇಸ್ ನಂಬರ್ ಓದುವುದು ನಮ್ಮ ವಯಸ್ಸಿನ ಕಣ್ಣಿಗೆ ಕಷ್ಟ.